ಚೀನೀ ನುಡಿಯ ಮೊದಲ ಪಾಠವೂ ಕನ್ನಡದ ಅಕ್ಷರಮಾಲೆಯೂ

ದೇವನಹಳ್ಳಿ ಎಂದೊಡನೆ ಹಿಂದಿನ ತಲೆಮಾರಿನವರ ನೆನಪಿಗೆ ಬರುತ್ತಿದ್ದುದು ಕೋಟೆ, ಚಕ್ಕೋತದ ಹಣ್ಣು, ಮತ್ತು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಆ ಊರನ್ನು ಹೊತ್ತು ನಡೆದ ಡಿ. ವಿ. ಗುಂಡಪ್ಪನವರು. ೨೦೦೮ರಲ್ಲಿ ಅಲ್ಲಿಗೆ ವಿಮಾನ ನಿಲ್ದಾಣವು ಬಂದಿತು. ಈಚೆಗೆ ಅದೇ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿಯ ಬಳಿ ತೈವಾನಿನ ಫಾಕ್ಸ್‌ಕಾನ್ ಸಂಸ್ಥೆಯು ಕೈಫೋನುಗಳನ್ನು ಜೋಡಿಸುವ ದೊಡ್ಡ ಕಾರ್ಖಾನೆಯೊಂದನ್ನು ಕಟ್ಟಿ ೨೦೨೫ರಲ್ಲಿ ಕೆಲಸವನ್ನಾರಂಭಿಸಿತು. ಚೀನೀ ಮಾತನ್ನಾಡುವ ಯಂತ್ರಜ್ಞರೊಡನೆ ದಿನವೂ ವ್ಯವಹರಿಸಬೇಕಾದ ಪ್ರಸಂಗವು ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕಡೆಯ ಹುಡುಗ ಹುಡುಗಿಯರಿಗೆ ಒದಗಿದರೆ ಇನ್ನು ಆಶ್ಚರ್ಯಪಡಬೇಕಾದುದಿಲ್ಲ. ಅವರಲ್ಲಿ ಯಾರಾದರೂ ಆ ಭಾಷೆಯ ನಾಲ್ಕು ಮಾತನ್ನು ಕಲಿಯಬೇಕೆಂದು ಮನಸ್ಸು ಮಾಡಿದಾಗ ಅವರ ಕೈಗೆ ಸಿಕ್ಕುವುದು ಇಂಗ್ಲಿಷಿನಲ್ಲಿ ಬರೆದ ಪಾಠ. ಚೀನೀ ಶಬ್ದವು ರೋಮನ್ ಲಿಪಿಯಲ್ಲಿರುವುದು. ಓದುವವನು ಅದನ್ನು ಇಂಗ್ಲಿಷಿನಂತೆ ಓದುವನು. ಅನಂತರ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವನು. ಹೀಗೆ ಎರಡು ಬಾಗಿಲುಗಳನ್ನು ದಾಟಿ ಬರುವಷ್ಟರಲ್ಲಿ ಶಬ್ದದ ಗುರುತೇ ಕೆಟ್ಟಿರುವುದು. ಈ ಸುತ್ತುದಾರಿ ಅಗತ್ಯವೇ, ಕನ್ನಡದ ಅಕ್ಷರಮಾಲೆಗೆ ನೇರವಾಗಿ ಆ ಕೆಲಸವನ್ನು ಮಾಡುವ ಶಕ್ತಿಯಿಲ್ಲವೇ ಎಂಬುದೇ ಇಲ್ಲಿನ ವಿಚಾರ.

ಮೊದಲು ಸದ್ಯದ ಸ್ಥಿತಿಯನ್ನು ನೋಡಬಹುದು. ೨೦೧೪ರ ಸೆಪ್ಟೆಂಬರಿನಲ್ಲಿ ಚೀನಾದ ಅಧ್ಯಕ್ಷರು ಭಾರತಕ್ಕೆ ಬಂದಿದ್ದಾಗ ದೂರದರ್ಶನದ ವಾರ್ತೆಯನ್ನು ಓದುತ್ತಿದ್ದವರೊಬ್ಬರು ಅವರ ಮನೆತನದ ಹೆಸರಿನ ಎರಡು ರೋಮನ್ ಅಕ್ಷರಗಳನ್ನು ರೋಮನ್ ಸಂಖ್ಯೆಯೆಂದು ಭಾವಿಸಿ ‘ಹನ್ನೊಂದು ಜಿನ್‌ಪಿಂಗ್’ ಎಂಬರ್ಥ ಬರುವಂತೆ ಓದಿದರು. ದೇಶವೆಲ್ಲ ನಕ್ಕಿತು. ಆದರೆ ನಕ್ಕವರಲ್ಲಿ ಎಷ್ಟು ಮಂದಿಗೆ ಸರಿಯಾದ ಉಚ್ಚಾರಣೆ ತಿಳಿದಿದ್ದಿತು? ಕನ್ನಡ ಪತ್ರಿಕೆಗಳಲ್ಲಿ ಅದೇ ಹೆಸರು ಕೆಲವೆಡೆ ‘ಕ್ಸಿ’ ಎಂದೂ ಕೆಲವೆಡೆ ‘ಷಿ’ ಎಂದೂ ಅಚ್ಚಾಗುತ್ತದೆ. ಮೊದಲನೆಯದು ರೋಮನ್ ಅಕ್ಷರವನ್ನು ಇಂಗ್ಲಿಷಿನಂತೆ ಓದಿದುದರ ಫಲ. ಎರಡನೆಯದು ಹತ್ತಿರ ಬಂದಿದೆ. ಆದರೆ ಗುರಿಯ ಪಕ್ಕಕ್ಕೆ ಬಿದ್ದಿದೆ. ಆ ಶಬ್ದದಲ್ಲಿರುವುದು ನಾಲಗೆಯ ನಡುಭಾಗವು ಅಂಗಳಕ್ಕೆ ಏರಿ ಹುಟ್ಟುವ ತಾಲವ್ಯಧ್ವನಿ, ಕನ್ನಡದ ಶಕಾರ. ಸರಿಯಾಗಿ ಬರೆದರೆ ‘ಶೀ’ ಎಂದಾಗಬೇಕು. ಇತ್ತ ಚೀನಾದ ದೊಡ್ಡ ಬಂದರು ಪಟ್ಟಣದ ಹೆಸರಿನ ಮೊದಲಲ್ಲಿರುವುದು ನಾಲಗೆಯ ತುದಿಯನ್ನು ಮೇಲಕ್ಕೆತ್ತಿ ನುಡಿಯುವ ಮೂರ್ಧನ್ಯಧ್ವನಿ, ಅದು ಷಕಾರ. ಅದನ್ನು ಪತ್ರಿಕೆಗಳು ‘ಶಾಂಘೈ’ ಎಂದು ಬರೆಯುತ್ತವೆ. ಷಕಾರ ಬೇಕಾದಲ್ಲಿ ಶಕಾರ, ಶಕಾರ ಬೇಕಾದಲ್ಲಿ ಷಕಾರ! ಎರಡು ಅಕ್ಷರಗಳೂ ಮನೆಯಲ್ಲಿಯೇ ಇದ್ದು, ಚೀನೀ ಭಾಷೆಯು ಬೇಡುವ ಭೇದವನ್ನು ಅವು ತೋರಬಲ್ಲವಾಗಿದ್ದರೂ ಹೀಗೆ ಅದಲುಬದಲಾಗಿರುವುದು ಅಕ್ಷರಗಳ ದೋಷವಲ್ಲ. ಕಿವಿಯು ಇಂಗ್ಲಿಷಿನ ಹಿಂದೆ ಹೋದುದರ ದೋಷ.

ಈ ರೋಮನ್ ಬರವಣಿಗೆಗೆ ‘ಪಿನ್‌ಯಿನ್’ ಎಂದು ಹೆಸರು. ಚೌ ಯೋಕ್ವಾಙ್ ಎಂಬ ವಿದ್ವಾಂಸರು ಮುಖ್ಯರಾಗಿದ್ದ ಸಮಿತಿಯು ಇದನ್ನು ಸಿದ್ಧಪಡಿಸಿತು. ೧೯೫೮ರಲ್ಲಿ ಚೀನಾದ ರಾಷ್ಟ್ರೀಯ ಸಭೆಯು ಅಂಗೀಕರಿಸಿತು. ಚೀನೀ ಮಕ್ಕಳಿಗೆ ಓದು ಕಲಿಸುವುದು ಅದರ ಮೊದಲ ಉದ್ದೇಶ. ಇಂಗ್ಲಿಷರ ಅನುಕೂಲಕ್ಕಾಗಿ ಅದು ಹುಟ್ಟಿದುದಲ್ಲ. ಅಲ್ಲಿ ಕ್ಯೂ, ಎಕ್ಸ್ ಮುಂತಾದ ಅಕ್ಷರಗಳಿಗೆ ಕೊಟ್ಟಿರುವ ಬೆಲೆಯು ಚೀನೀ ಭಾಷೆಯ ಅಗತ್ಯಕ್ಕೆ ತಕ್ಕ ಸಂಕೇತವಷ್ಟೆ. ಅದಕ್ಕಿಂತ ಹಿಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ, ವೇಡ್ ಮತ್ತು ಜೈಲ್ಸ್ ಎಂಬ ಇಂಗ್ಲಿಷ್ ಪಂಡಿತರು ಬೇರೊಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದರು. ಕನ್ನಡದ ಹಳೆಯ ಪುಸ್ತಕಗಳಲ್ಲಿ ಕಾಣುವ ‘ಮಾವೋ ತ್ಸೆ ತುಂಗ್’, ‘ಹ್ಯೂಯೆನ್ ತ್ಸಾಂಗ್’ ಎಂಬ ರೂಪಗಳು ಇಂಥ ಹಳೆಯ ಪದ್ಧತಿಗಳ ಮೂಲಕ ಬಂದವು. ಸೋಜಿಗವೆಂದರೆ, ಈ ಹಳೆಯ ರೂಪಗಳು ಇಂದಿನ ‘ಝೆಡಾಂಗ್’, ‘ಕ್ಸುವಾನ್‌ಝಾಂಗ್’ ಎಂಬ ಹೊಸ ರೂಪಗಳಿಗಿಂತ ಚೀನೀ ಬಾಯಿಗೆ ಹತ್ತಿರವಾಗಿವೆ. ಹಳಬರು ‘ತುಂಗ್’ ಎಂದು ಬರೆದಾಗ ಅಲ್ಪಪ್ರಾಣವಾದ ತಕಾರವು ಅದರ ಸ್ಥಳದಲ್ಲಿಯೇ ಇದ್ದಿತು. ಹೊಸಬರು ಪಿನ್‌ಯಿನ್ನಿನ ಅಕ್ಷರವನ್ನು ನೋಡಿ ಅದನ್ನು ಡಕಾರವಾಗಿ ಮಾಡಿದರು.

ಇದಕ್ಕೆ ಕಾರಣವೇನೆಂಬುದನ್ನು ತಿಳಿದರೆ ಮೊದಲ ಪಾಠದ ಅರ್ಧವನ್ನು ಕಲಿತಂತಾಯಿತು. ಚೀನಾದ ಸಾಮಾನ್ಯ ಭಾಷೆಯಲ್ಲಿ ಗ, ದ, ಬ ಎಂಬ ಘೋಷಾಕ್ಷರಗಳು ಇಲ್ಲ. ಅಲ್ಲಿರುವುದು ಕ-ಖ, ತ-ಥ, ಪ-ಫ, ಚ-ಛ ಎಂಬ ಜೋಡಿಗಳು; ಉಸಿರು ಕಡಮೆಯಾದುದು ಒಂದು, ಉಸಿರು ತುಂಬಿದುದು ಇನ್ನೊಂದು. ಪಿನ್‌ಯಿನ್ ಪದ್ಧತಿಯು ಇಂಗ್ಲಿಷಿನ ಬಿ, ಡಿ, ಜಿ ಅಕ್ಷರಗಳನ್ನು ಅಲ್ಪಪ್ರಾಣಕ್ಕೂ ಪಿ, ಟಿ, ಕೆ ಅಕ್ಷರಗಳನ್ನು ಮಹಾಪ್ರಾಣಕ್ಕೂ ಹಂಚಿತು. ಆದುದರಿಂದ ಚೀನಾದ ರಾಜಧಾನಿಯು ನಿಜವಾಗಿ ‘ಪೆಯ್‌ಚಿಙ್’. ‘ಬೀಜಿಂಗ್’ ಎನ್ನುವಾಗ ಬಕಾರ, ಜಕಾರ, ಕೊನೆಯ ಗಕಾರ ಮೂರೂ ಹೊರಗಿನಿಂದ ಬಂದವು. ಇಂಗ್ಲಿಷಿನವನಿಗೆ ಈ ಭೇದವನ್ನು ಮನಗಾಣಿಸಲು ಗುರುವು ಬಾಯಿಯ ಮುಂದೆ ಕಾಗದದ ಚೂರನ್ನು ಹಿಡಿದು, ಅದು ಅಲುಗಿತೇ ಇಲ್ಲವೇ ಎಂದು ತೋರಿಸಬೇಕಾಗುವುದು. ಕನ್ನಡದ ಮಗುವಾದರೋ ಐದನೆಯ ವರ್ಷದಲ್ಲಿಯೇ ಕ, ಖ ಎಂದು ತಿದ್ದಿರುತ್ತದೆ. ಅದಕ್ಕೆ ಹೇಳಬೇಕಾದುದು ಒಂದೇ ಮಾತು: ವರ್ಗದ ಮೊದಲ ಎರಡು ಅಕ್ಷರಗಳನ್ನು ಇಟ್ಟುಕೊ, ಮೂರನೆಯದನ್ನೂ ನಾಲ್ಕನೆಯದನ್ನೂ ಮರೆತುಬಿಡು.

ಈ ಭೇದವನ್ನು ಕಾಯದಿದ್ದರೆ ಆಗುವ ಅನರ್ಥಕ್ಕೆ ಚೀನೀ ಗುರುಗಳು ಹೇಳುವ ವಿನೋದದ ಉದಾಹರಣೆಯೊಂದುಂಟು. ‘ತೂ ತ್ಸ ಪಾವ್ ಲ’ ಎಂದರೆ ಹೊಟ್ಟೆ ತುಂಬಿತು ಎಂದರ್ಥ. ‘ಥೂ ತ್ಸ ಫಾವ್ ಲ’ ಎಂದರೆ ಮೊಲವು ಓಡಿಹೋಯಿತು ಎಂದರ್ಥ. ಉಳಿದೆಲ್ಲವೂ ಸಮ, ಸ್ವರವೂ ಸಮ, ಎರಡು ಉಸಿರುಗಳ ವ್ಯತ್ಯಾಸದಿಂದ ಊಟವು ಬೇಟೆಯಾಗುತ್ತದೆ. ಬಡಿಸಿದ ಮನೆಯವರ ಮುಂದೆ ತೃಪ್ತಿಯನ್ನು ತಿಳಿಸಹೋದ ಅತಿಥಿಯು ಮೊಲದ ಸುದ್ದಿಯನ್ನು ಎತ್ತಿದರೆ ಅವರು ಏನೆಂದುಕೊಳ್ಳಬೇಕು?

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗುವುದು. ಕನ್ನಡಿಗರ ಬಾಯಲ್ಲಿ ಮಹಾಪ್ರಾಣವೆಲ್ಲಿದೆ? ಹಳ್ಳಿಯವರು ‘ಬಾರತ’, ‘ದರ್ಮ’ ಎನ್ನುತ್ತಾರೆ. ಪಟ್ಟಣದ ವಿದ್ಯಾವಂತರೂ ಅವಸರದಲ್ಲಿ ಹಾಗೆಯೇ ಅನ್ನುತ್ತಾರೆ. ಅಚ್ಚಗನ್ನಡದ ಮಾತುಗಳಿಗೆ ಮಹಾಪ್ರಾಣವು ಬೇಕಾಗಿಯೂ ಇಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ತಮ್ಮ ‘ಹೊಸ ಬರಹ’ದ ಯೋಜನೆಯಲ್ಲಿ, ನುಡಿಯದ ಅಕ್ಷರಗಳನ್ನು ಬರೆಯುವ ಹೊರೆ ಮಕ್ಕಳಿಗೇಕೆಂದು ಕೇಳಿ, ಮಹಾಪ್ರಾಣಗಳನ್ನೂ ಷಕಾರವನ್ನೂ ಬಿಡಬಹುದೆಂದು ವಾದಿಸಿದರು. ಅವರ ವಾದವು ಕನ್ನಡವನ್ನು ಕನ್ನಡಕ್ಕಾಗಿ ಬರೆಯುವ ಮಟ್ಟಿಗೆ ಬಲವಾದುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅಕ್ಷರಮಾಲೆಯು ಮನೆಯ ಮಾತಿಗೆ ಮಾತ್ರವಲ್ಲದೆ ನೆರೆಯವರ ಮಾತನ್ನು ಬರಮಾಡಿಕೊಳ್ಳುವುದಕ್ಕೂ ಬೇಕಾದ ಸಲಕರಣೆ. ಬಿಡಬಹುದೆಂದು ಹೇಳಿದ ಅಕ್ಷರಗಳೇ ಚೀನೀ ಭಾಷೆಯ ಹೊಸ್ತಿಲಲ್ಲಿ ಕೈಹಿಡಿಯುವವು ಎಂಬುದು ಗಮನಿಸತಕ್ಕ ಸಂಗತಿ. ಇನ್ನು ಮಹಾಪ್ರಾಣವು ಕನ್ನಡಿಗರ ಬಾಯಿಗೆ ಬಾರದೆಂಬುದೂ ಪೂರ್ತಿ ನಿಜವಲ್ಲ. ಅಕ್ಷರವನ್ನೇ ಅರಿಯದವನೂ ಸಿಟ್ಟು ಬಂದಾಗ ‘ಥೂ’ ಎನ್ನುತ್ತಾನೆ, ‘ಛೀ’ ಎನ್ನುತ್ತಾನೆ. ಆಗ ಬರುವ ಉಸಿರು ಪಾಣಿನೀಯರೂ ಮೆಚ್ಚುವಂಥದು. ಆ ಉಸಿರನ್ನು ಸಿಟ್ಟಿಲ್ಲದೆ ತರುವುದಷ್ಟೇ ಚೀನೀ ಕಲಿಯುವವನ ಅಭ್ಯಾಸ. ಕ್ಷಮೆ ಕೇಳುವ ಮಾತೇ ಆ ಭಾಷೆಯಲ್ಲಿ ‘ತ್ವೆಯ್ ಪು ಛೀ’ ಎಂದು ಮುಗಿಯುವುದರಿಂದ, ಬೈಗುಳದ ಉಸಿರಿನಿಂದಲೇ ವಿನಯವನ್ನು ತೋರುವ ಈ ಸಾಧನೆಯನ್ನು ಮೊದಲ ದಿನವೇ ಮಾಡಬೇಕಾಗುವುದು.

ಉಳಿದ ವ್ಯಂಜನಗಳಲ್ಲಿ ಕೆಲವು ಕನ್ನಡಕ್ಕೆ ಸುಲಭ, ಕೆಲವು ಕಷ್ಟ. ತಕಾರ ಸಕಾರಗಳು ಬೆರೆತ ‘ತ್ಸ’, ಅದರ ಮಹಾಪ್ರಾಣವಾದ ‘ಥ್ಸ’ ಇವುಗಳಿಗೆ ಒತ್ತಕ್ಷರವಿದೆ. ‘ಕಾಫಿ’ಯಲ್ಲಿರುವ ಧ್ವನಿಯೂ ಉಸಿರು ತುಂಬಿದ ಪಕಾರವೂ ಚೀನೀ ಭಾಷೆಯಲ್ಲಿ ಬೇರೆ ಬೇರೆಯಾದುದರಿಂದ, ಮೊದಲನೆಯದಕ್ಕೆ ಎರಡು ಚುಕ್ಕೆಯ ಫ಼ಕಾರವನ್ನು ಇಟ್ಟುಕೊಂಡು ಚುಕ್ಕೆಯಿಲ್ಲದುದನ್ನು ಹಳೆಯ ಮಹಾಪ್ರಾಣಕ್ಕೇ ಬಿಡಬೇಕು. ಚಕಾರದಲ್ಲಿ ಎರಡು ಬಗೆಯುಂಟು: ತಾಲವ್ಯವಾದುದು ಕನ್ನಡದ್ದೇ, ನಾಲಗೆಯನ್ನು ಟಕಾರದ ಸ್ಥಾನಕ್ಕೆ ಎತ್ತಿ ನುಡಿಯುವ ಇನ್ನೊಂದು ಚಕಾರವು ಕನ್ನಡದಲ್ಲಿಲ್ಲ, ಅದನ್ನು ಕಿವಿಯಿಂದ ಕಲಿಯಬೇಕು. ಇಕಾರವನ್ನು ನುಡಿಯುತ್ತಲೇ ತುಟಿಗಳನ್ನು ಉಕಾರಕ್ಕೆ ದುಂಡಗೆ ಮಾಡಿದಾಗ ಹುಟ್ಟುವ ಸ್ವರವೂ ಹೊಸದೇ. ‘ಮನುಷ್ಯ’ ಎಂಬರ್ಥದ ಚೀನೀ ಶಬ್ದದ ಮೊದಲಿಗಿರುವ ರಕಾರವು ಇಂದಿನ ಕನ್ನಡದ ರಕಾರವಲ್ಲ. ನಾಲಗೆಯು ಮೇಲಕ್ಕೆ ಮಡಿದು ಎಲ್ಲಿಯೂ ತಾಗದೆ ನಿಲ್ಲುವ ಧ್ವನಿ. ಹಳಗನ್ನಡದ ೞಕಾರಕ್ಕೆ ಇದು ಬಹಳ ಹತ್ತಿರವಾದುದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು, ಬಳಕೆಯಲ್ಲಿ ಮಸಳುತ್ತಿದ್ದ ಆ ಅಕ್ಷರದ ಶಬ್ದಗಳನ್ನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಮಾಡಿಟ್ಟನು. ಪಂಪ ರನ್ನರನ್ನು ಓದುವವರು ೞಕಾರದ ಉಚ್ಚಾರಣೆಯನ್ನು ಪುಸ್ತಕದಿಂದ ಊಹಿಸಬೇಕಾಗಿ ಬಂದಿದೆ. ಪೆಯ್‌ಚಿಙ್ಙಿನ ಬೀದಿಯಲ್ಲಿ ಅದರ ಸೋದರಧ್ವನಿಯು ದಿನವೂ ಕಿವಿಗೆ ಬೀಳುವುದು.

ಶಬ್ದಗಳ ಅಂತ್ಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಕನ್ನಡವು ಸ್ವರಾಂತವನ್ನು ಬಯಸುವ ಭಾಷೆ. ಬಸ್ಸು, ಕಾರು, ಫೋನು ಎಂದು ಹೊರಗಿನ ಶಬ್ದಕ್ಕೂ ಬಾಲವನ್ನು ಹಚ್ಚುವುದು. ಚೀನೀ ಶಬ್ದವು ನಕಾರದಲ್ಲಿಯೋ ಙಕಾರದಲ್ಲಿಯೋ ನಿಂತಾಗ ಅಲ್ಲಿಯೇ ನಿಲ್ಲಬೇಕು. ಶಾಲೆಯಲ್ಲಿ ‘ಙ’ ಎಂಬ ಅಕ್ಷರವನ್ನು ತಿದ್ದಿದವರು ಅದು ಯಾವ ಉಪಯೋಗಕ್ಕೆಂದು ಕೇಳುವುದುಂಟು. ಅವರಿಗೆ ಇಲ್ಲಿ ಉತ್ತರ ಸಿಕ್ಕಿತು.

ಕನ್ನಡದ ವರ್ಗಾಕ್ಷರಗಳು ಚೀನೀ ಧ್ವನಿಗಳಿಗೆ ಇಷ್ಟು ಚೆನ್ನಾಗಿ ಹೊಂದುವುದು ಕೇವಲ ಆಕಸ್ಮಿಕವೆಂದು ಹೇಳುವಂತಿಲ್ಲ. ಬೌದ್ಧಗ್ರಂಥಗಳು ಚೀನಾಕ್ಕೆ ಹೋದಾಗ ಅವುಗಳೊಡನೆ ಸಂಸ್ಕೃತದ ಅಕ್ಷರಮಾಲೆಯೂ ಹೋಯಿತು. ಚೀನೀ ಪಂಡಿತರು ತಮ್ಮ ಭಾಷೆಯ ಆದಿವ್ಯಂಜನಗಳನ್ನು ತುಟಿ, ನಾಲಗೆ, ಹಲ್ಲು, ಗಂಟಲು ಎಂದು ಸ್ಥಾನಕ್ಕನುಸಾರವಾಗಿ ವಿಂಗಡಿಸಿದರು. ಷೋವೆನ್ ಎಂಬ ಬೌದ್ಧ ಸಂನ್ಯಾಸಿಯ ಹೆಸರಿನಲ್ಲಿ ಬಂದಿರುವ ಮೂವತ್ತಾರು ವ್ಯಂಜನಗಳ ಪಟ್ಟಿಯಲ್ಲಿ ಒಂದು ಸಾಲಿನ ಅಂದಿನ ಧ್ವನಿಗಳು ಕ, ಖ, ಗ, ಙ ಎಂದು ಬರುವವು. ಇನ್ನೊಂದು ಸಾಲು ಪ, ಫ, ಬ, ಮ. ಕನ್ನಡದ ಮಗುವಿನ ಬಾಯಿಪಾಠದ ಕ್ರಮವೇ ಇದು. ಮುಂದೆ ಉತ್ತರ ಚೀನಾದ ಮಾತಿನಲ್ಲಿ ಗ, ಬ ಮುಂತಾದ ಘೋಷಗಳು ಅಳಿದು ಕ-ಖ ಜೋಡಿ ಉಳಿಯಿತು. ಅಚ್ಚಗನ್ನಡದಲ್ಲಿ ಕ-ಗ ಜೋಡಿ ಉಳಿದಿದೆ. ಒಂದೇ ವರ್ಗವನ್ನು ಎರಡು ಭಾಷೆಗಳು ಬೇರೆ ಬೇರೆಯಾಗಿ ಹಂಚಿಕೊಂಡಂತೆ ಇದು ತೋರುವುದು. ತೈವಾನಿನ ಮಕ್ಕಳು ಇಂದಿಗೂ ರೋಮನ್ ಲಿಪಿಯನ್ನು ಬಿಟ್ಟು, ೧೯೧೮ರಲ್ಲಿ ಘೋಷಿತವಾದ ಬೇರೊಂದು ಧ್ವನಿಲಿಪಿಯಿಂದ ಓದು ಕಲಿಯುವರು. ಅದರ ಆರಂಭವು ಪ, ಫ, ಮ, ಫ಼ ಎಂದು ತುಟಿಯಿಂದ ಹೊರಟು ಹಿಂದಕ್ಕೆ ಹೋಗುವುದು.

ಹೆಸರುಗಳ ವಿಷಯದಲ್ಲಿ ಚೀನಿಯರು ಕನ್ನಡನಾಡಿಗೆ ಮಾಡಿದ ಉಪಕಾರವನ್ನು ಇಲ್ಲಿ ನೆನೆಯಬೇಕು. ಏಳನೆಯ ಶತಮಾನದಲ್ಲಿ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗನು ೬೪೬ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಬಾದಾಮಿಯ ಚಾಲುಕ್ಯ ದೊರೆಯ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದಿಟ್ಟನು. ಇಂದಿನ ಚೀನೀ ಓದುಗನು ಅವನ್ನು ‘ಪೂ ಲ್ವೋ ಚೀ ಷ’ ಎಂದು ಓದುವನು. ಕನ್ನಡಿಗನಿಗೆ ಗುರುತು ಹತ್ತದು. ಆದರೆ ಥಾಙ್ ಅರಸರ ಕಾಲದ ಉಚ್ಚಾರಣೆಯಂತೆ ಓದಿದರೆ ಅವು ‘ಪು ಲ ಕೆಯ್ ಶ’ ಎಂದಾಗುವವು. ಪುಲಕೇಶಿಯೇ ಎದುರಿಗೆ ನಿಂತಂತಾಗುವುದು! ಅಕ್ಷರಮಾಲೆಯೇ ಇಲ್ಲದ ಲಿಪಿಯಲ್ಲಿ, ಪರದೇಶದ ಹೆಸರನ್ನು ಕಿವಿಗೆ ಕೇಳಿದಂತೆ ಹಿಡಿಯಲು ಆತನು ಪಟ್ಟ ಶ್ರದ್ಧೆಯು ಸಾಮಾನ್ಯವಲ್ಲ. ಭಾಷಾಂತರಿಸದೆ ಧ್ವನಿಯನ್ನು ಮಾತ್ರ ಉಳಿಸಿಕೊಳ್ಳಬೇಕಾದ ಐದು ಸಂದರ್ಭಗಳನ್ನು ಆತನು ಗೊತ್ತುಮಾಡಿದ್ದನೆಂದು ಚೀನೀ ಸಂಪ್ರದಾಯವು ಹೇಳುವುದು: ಮಂತ್ರದಂಥ ರಹಸ್ಯವಾದುದು, ಹಲವರ್ಥಗಳುಳ್ಳದು, ಚೀನಾದಲ್ಲಿಲ್ಲದ ವಸ್ತು, ಹಿಂದಿನಿಂದ ರೂಢಿಗೆ ಬಂದುದು, ಅನುವಾದಿಸಿದರೆ ಗೌರವ ಕಳೆದುಕೊಳ್ಳುವುದು. ಧ್ವನಿಯನ್ನು ಕಾಯುವುದೂ ಪಾಂಡಿತ್ಯದ ಕೆಲಸವೇ ಎಂಬ ಈ ವಿವೇಕದ ಅಳತೆಗೋಲಿನಿಂದ ಕನ್ನಡದ ಇಂದಿನ ಬರವಣಿಗೆಯನ್ನು ಅಳೆದರೆ ಅದು ತೃಪ್ತಿಕರವೆನಿಸುವುದಿಲ್ಲ. ಇದಕ್ಕೆ ಅಪವಾದಗಳಿಲ್ಲದಿಲ್ಲ. ಯು. ಆರ್. ಅನಂತಮೂರ್ತಿಯವರು ಲಾವೋ ತ್ಸೆಯ ಗ್ರಂಥವನ್ನು ಕನ್ನಡಿಸಿದಾಗ ಇಂಗ್ಲಿಷ್ ಪುಸ್ತಕಗಳ ಮೇಲಿದ್ದ ‘ಟಾವೋ’ ಎಂಬ ಓದನ್ನು ಬಿಟ್ಟು ‘ದಾವ್ ದ ಜಿಂಗ್’ ಎಂದು ಹೆಸರಿಟ್ಟರು. ಟಕಾರವು ಹೋಗಿ ದಂತ್ಯವು ಬಂದುದು ದೊಡ್ಡ ಸುಧಾರಣೆ. ‘ತಾವ್ ತ ಚಿಙ್’ ಎಂದಿದ್ದರೆ ಅಲ್ಪಪ್ರಾಣದ ನ್ಯಾಯವೂ ಸಲ್ಲುತ್ತಿದ್ದಿತು.

ಇಷ್ಟು ಹೇಳಿದ ಮೇಲೆ ಕನ್ನಡ ಲಿಪಿಯು ಎಲ್ಲಿ ಸೋಲುವುದೆಂಬುದನ್ನೂ ಹೇಳದಿದ್ದರೆ ವಿಮರ್ಶೆಯು ಏಕಪಕ್ಷೀಯವಾಗುವುದು. ಚೀನೀ ಭಾಷೆಯ ಜೀವವಿರುವುದು ಸ್ವರದ ಏರಿಳಿತದಲ್ಲಿ. ಒಂದೇ ಅಕ್ಷರವು ಮೇಲಿನ ಶ್ರುತಿಯಲ್ಲಿ ಸಮವಾಗಿ ನಿಲ್ಲಬಹುದು, ಏರಬಹುದು, ತಗ್ಗಿಗೆ ಇಳಿದು ಮೇಲೇಳಬಹುದು, ಥಟ್ಟನೆ ಬೀಳಬಹುದು. ನಾಲ್ಕಕ್ಕೂ ನಾಲ್ಕು ಅರ್ಥ. ‘ಮಾಯ್’ ಎಂಬುದನ್ನು ಮೂರನೆಯ ಸ್ವರದಲ್ಲಿ ನುಡಿದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ನುಡಿದರೆ ಮಾರುವುದು. ದೊಡ್ಡಬಳ್ಳಾಪುರದ ನೇಯ್ಗೆಯವನು ಚೀನಾದ ರೇಷ್ಮೆಯ ವ್ಯಾಪಾರಿಯೊಡನೆ ಈ ಶಬ್ದವನ್ನು ತಪ್ಪಿ ನುಡಿದರೆ ವ್ಯವಹಾರವೇ ತಿರುಗುಮುರುಗಾಗುವುದು. ‘ಥಾಙ್’ ಎಂಬುದು ಸಮಸ್ವರದಲ್ಲಿ ಸಾರು, ಏರುಸ್ವರದಲ್ಲಿ ಸಕ್ಕರೆ. ಈ ಭೇದವನ್ನು ತೋರಿಸುವ ಚಿಹ್ನೆ ಕನ್ನಡ ಬರವಣಿಗೆಯಲ್ಲಿಲ್ಲ.

ಆದರೂ ಕನ್ನಡಿಗನ ಕಂಠಕ್ಕೆ ಈ ಚಲನೆಗಳು ಅಪರಿಚಿತವಲ್ಲ. ‘ಹೂಂ’ ಎಂಬ ಒಂದು ಶಬ್ದವನ್ನು ತೆಗೆದುಕೊಳ್ಳಬಹುದು. ಕಥೆ ಕೇಳುವ ಮಗುವಿನ ಹೂಂ ಸಮವಾಗಿರುವುದು, ‘ಏನಂದೆ?’ ಎಂಬರ್ಥದ ಹೂಂ ಏರುವುದು. ಮನಸ್ಸಿಲ್ಲದೆ ಒಪ್ಪಿಕೊಳ್ಳುವವನ ಹೂಂ ಇಳಿದು ಎದ್ದು ಎಳೆಯುವುದು. ಮಾತು ಮುಗಿಸುವ ಯಜಮಾನನ ಹೂಂ ಕೆಳಕ್ಕೆ ಬೀಳುವುದು. ನಾಲ್ಕು ಸ್ವರಗಳೂ ಇದ್ದಂತಾಯಿತು. ವ್ಯತ್ಯಾಸವಿಷ್ಟೆ: ಕನ್ನಡದಲ್ಲಿ ಸ್ವರವು ಆಡುವವನ ಮನಸ್ಸಿಗೆ ಸೇರಿದುದು, ಚೀನೀ ಭಾಷೆಯಲ್ಲಿ ಅದು ಶಬ್ದಕ್ಕೇ ಸೇರಿದುದು. ಪ್ರಶ್ನೆ ಕೇಳುವಾಗ ವಾಕ್ಯದ ಕೊನೆಯನ್ನು ಎತ್ತುವ ಕನ್ನಡದ ಅಭ್ಯಾಸವು ಅಲ್ಲಿ ಶಬ್ದವನ್ನೇ ಬದಲಿಸಿಬಿಡಬಲ್ಲದು. ವೇದಪಾಠದ ಉದಾತ್ತ ಅನುದಾತ್ತ ಸ್ವರಿತಗಳ ಅಭ್ಯಾಸವುಳ್ಳವರಿಗೆ ಸ್ವರವು ಶಬ್ದದ ಅಂಗವೆಂಬ ಮಾತು ಸುಲಭವಾಗಿ ಹಿಡಿಸುವುದು. ಚೀನಿಯರು ತಮ್ಮ ನಾಲ್ಕು ಸ್ವರಗಳನ್ನು ಮೊದಲು ಗುರುತಿಸಿ ಹೆಸರಿಟ್ಟುದು ಈ ಭಾರತೀಯ ಪಠನಕ್ರಮವನ್ನು ಕೇಳಿದುದರಿಂದಲೇ ಎಂದು ಚೆನ್ ಯಿನ್‌ಖ ಎಂಬ ಇತಿಹಾಸಜ್ಞರು ೧೯೩೪ರಲ್ಲಿ ಊಹಿಸಿದರು. ಆ ಊಹೆಯನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಬರವಣಿಗೆಯಲ್ಲಿ ಈ ಕೊರತೆಯನ್ನು ತುಂಬಲು ಅಕ್ಷರದ ಮುಂದೆ ೧, ೨, ೩, ೪ ಎಂದು ಅಂಕಿಯನ್ನು ಇಟ್ಟರೆ ಆರಂಭಕ್ಕೆ ಸಾಕು.

ಇನ್ನು ಕುಶಲಪ್ರಶ್ನೆಗಳ ಮಾತು. ಎಲ್ಲ ಪ್ರವೇಶಿಕೆಗಳೂ ಮೊದಲು ಕಲಿಸುವುದು ‘ನೀ(೩) ಹಾವ್(೩)’ ಎಂಬುದನ್ನು. ಕನ್ನಡದ ಮಕ್ಕಳು ಇದನ್ನು ಕೇಳಿ ನಗದೆ ಇರಲಾರರು. ಬಂದ ಅತಿಥಿಯನ್ನು ‘ನೀ ಹಾವು’ ಎಂದಂತಾಯಿತಲ್ಲ! ನಗು ಮುಗಿದ ಮೇಲೆ ಗಮನಿಸಬೇಕಾದುದು, ಆ ‘ನೀ’ ಎಂಬುದಕ್ಕೆ ಚೀನೀ ಭಾಷೆಯಲ್ಲಿಯೂ ‘ನೀನು’ ಎಂದೇ ಅರ್ಥ. ಇದು ಕಾಕತಾಳೀಯ, ಇದರಿಂದ ಭಾಷೆಗಳ ನೆಂಟಸ್ತನವನ್ನು ಕಲ್ಪಿಸಹೊರಡುವುದು ಅವಿವೇಕ. ‘ಹಾವ್’ ಎಂದರೆ ಒಳ್ಳೆಯದು. ಎರಡು ಮೂರನೆಯ ಸ್ವರಗಳು ಕೂಡಿದಾಗ ಮೊದಲನೆಯದು ಎರಡನೆಯ ಸ್ವರವಾಗಿ ಏರುವುದು; ಕನ್ನಡದಲ್ಲಿ ಅಕ್ಷರಗಳಿಗೆ ಸಂಧಿಯಿದ್ದಂತೆ ಅಲ್ಲಿ ಸ್ವರಗಳಿಗೆ ಸಂಧಿ. ಹಿರಿಯರನ್ನು ಕಂಡಾಗ ‘ನಿನ್(೨) ಹಾವ್(೩)’ ಎನ್ನಬೇಕು. ಇಲ್ಲಿ ಕನ್ನಡಿಗನು ತಡವರಿಸುವನು. ಅವನ ಕಿವಿಗೆ ‘ನಿನ್’ ಎಂಬುದು ಏಕವಚನದ ಸಲಿಗೆಯ ಮಾತು. ಚೀನಿಯರಿಗಾದರೋ ಅದೇ ಗೌರವದ ರೂಪ, ‘ನೀವು’ ಎಂಬುದಕ್ಕೆ ಸಮನಾದುದು. ಮರ್ಯಾದೆಯು ಧ್ವನಿಯಲ್ಲಿಲ್ಲ, ರೂಢಿಯಲ್ಲಿದೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಬ್ದವು ದೊರೆಯುವುದು ಕಷ್ಟ.

ಪುಸ್ತಕಗಳು ಮುಂದಿಡುವ ‘ನೀ ಹಾವ್’ಗಿಂತ ಕನ್ನಡಿಗನಿಗೆ ಆಪ್ತವಾಗಬಹುದಾದ ಮಾತು ಇನ್ನೊಂದುಂಟು. ಹಳೆಯ ರೂಢಿಯ ಚೀನೀ ಜನರು ಪರಿಚಿತರನ್ನು ಕಂಡಾಗ ‘ಊಟವಾಯಿತೇ?’ ಎಂದು ಕೇಳುವರು: ‘ಛ(೧) ಫ಼ಾನ್(೪) ಲ ಮ’. ಮೊದಲ ಅಕ್ಷರದ ಛಕಾರವು ನಾಲಗೆ ಮೇಲೆತ್ತಿದ ಬಗೆಯದು. ಅದರ ಸ್ವರವು ಅಕಾರವೂ ಅಲ್ಲ, ಇಕಾರವೂ ಅಲ್ಲ. ಕೊನೆಯ ‘ಮ’ ಎಂಬುದು ಕನ್ನಡದ ‘ಆಯಿತಾ’ ಎಂಬಲ್ಲಿನ ಆಕಾರದಂತೆ, ಹೇಳಿಕೆಯ ಬೆನ್ನಿಗೆ ಹತ್ತಿ ಅದನ್ನು ಪ್ರಶ್ನೆಯನ್ನಾಗಿ ಮಾಡುವುದು. ಇಂಗ್ಲಿಷಿನ ಮೂಲಕ ಕಲಿಯುವವನು ಪ್ರಶ್ನೆಗಾಗಿ ಪದಗಳ ಕ್ರಮವನ್ನು ತಿರುಗಿಸಬೇಕೋ ಎಂದು ಯೋಚಿಸುವನು. ಕನ್ನಡದ ಮೂಲಕ ಕಲಿಯುವವನಿಗೆ ಯೋಚನೆಯೇ ಬೇಡ. ಹಳ್ಳಿಯ ಜಗಲಿಯಲ್ಲಿ ‘ಊಟ ಆಯ್ತಾ?’ ಎಂದವನು ಊಟಕ್ಕೆ ಕರೆಯುತ್ತಿರುವನೆಂದು ಯಾರೂ ತಿಳಿಯುವುದಿಲ್ಲ, ಅಲ್ಲಿಯೂ ಅಷ್ಟೇ.

ಉಪಕಾರ ಸ್ಮರಣೆಯ ‘ಶ್ಯೆ(೪) ಶ್ಯೆ’ ಎಂಬುದು ವಂದನೆಗಳು ಎಂಬುದಕ್ಕೆ ಸಮ. ಅದಕ್ಕೆ ಬರುವ ಉತ್ತರ ‘ಪು(೨) ಖ(೪) ಛಿ’. ಇದರ ಅಕ್ಷರಾರ್ಥವನ್ನು ಬಿಡಿಸಿದರೆ, ಅತಿಥಿಯ ಭಾವವನ್ನು ತಾಳಬೇಡಿ ಎಂದಾಗುವುದು. ‘ಸಂಕೋಚ ಬೇಡ’ ಎಂದು ಕನ್ನಡದ ಗೃಹಿಣಿಯರು ಹೇಳುವುದೂ ಇದೇ ಅಲ್ಲವೇ? ತೀರ ಹತ್ತಿರದವರೊಳಗೆ ಪದೇ ಪದೇ ವಂದನೆ ಹೇಳುವುದು ಎರಡು ನಾಡುಗಳಲ್ಲಿಯೂ ದೂರ ಮಾಡಿದಂತೆ ತೋರುವುದು. ಬೀಳ್ಕೊಡುವಾಗ ‘ತ್ಸಾಯ್(೪) ಚ್ಯೆನ್(೪)’, ಎಂದರೆ ಮತ್ತೆ ಕಾಣುವುದು. ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವವರಿಗೆ ಇದರ ಭಾವವನ್ನು ವಿವರಿಸಬೇಕಾಗಿಲ್ಲ. ಹೆಸರು ಹೇಳುವ ಕ್ರಮವೂ ಹಾಗೆಯೇ: ಚೀನಿಯರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಹಳೆಯ ಮೈಸೂರಿನ ಪದ್ಧತಿಯಲ್ಲಿ ಊರು ಮೊದಲು, ತಂದೆ ಅನಂತರ, ತಾನು ಕೊನೆಗೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬಂತೆ. ಇಂಗ್ಲಿಷ್ ಪಾಠಗಳು ವಿಚಿತ್ರವೆಂದು ವಿವರಿಸುವ ಈ ಕ್ರಮವು ಬಯಲುಸೀಮೆಯ ಮನೆಗಳಿಗೆ ಹಳೆಯ ಪರಿಚಯ.

ಇದಕ್ಕೆಲ್ಲ ಪ್ರತಿಯಾಗಿ ವ್ಯವಹಾರಜ್ಞರು ಹೇಳುವ ಮಾತು ಎರಡು. ಫೋನಿನಲ್ಲಿ ಚೀನೀ ಅಕ್ಷರವನ್ನು ಮೂಡಿಸುವುದಕ್ಕೂ ನಿಘಂಟನ್ನು ನೋಡುವುದಕ್ಕೂ ಪಿನ್‌ಯಿನ್ ಬೇಕೇ ಬೇಕು. ಆದುದರಿಂದ ಕನ್ನಡದ ಬರವಣಿಗೆಯು ವ್ಯರ್ಥಶ್ರಮ ಎಂಬುದು ಒಂದು. ಯಂತ್ರವೇ ಉಚ್ಚಾರಣೆಯನ್ನು ಕೇಳಿಸುವಾಗ ಲಿಪಿಯ ಹಂಗೇಕೆ ಎಂಬುದು ಇನ್ನೊಂದು. ಮೊದಲನೆಯದು ನಿಜ; ಪಿನ್‌ಯಿನ್ನನ್ನು ಬಿಡಬೇಕೆಂದು ಯಾರೂ ಹೇಳಲಾರರು. ಅದನ್ನು ಇಂಗ್ಲಿಷಿನ ಬೆಲೆಯಲ್ಲಿ ಓದದೆ ಕನ್ನಡದ ಬೆಲೆಯಲ್ಲಿ ಓದಲು ಕಲಿಸಬೇಕೆಂಬುದಷ್ಟೇ ವಾದ. ಬಿ ಅಕ್ಷರವನ್ನು ಕಂಡಾಗ ಪಕಾರ, ಪಿ ಅಕ್ಷರವನ್ನು ಕಂಡಾಗ ಮಹಾಪ್ರಾಣ ಫಕಾರ, ಎಕ್ಸ್ ಅಕ್ಷರವನ್ನು ಕಂಡಾಗ ಶಕಾರ ಎಂದು ಒಂದು ತಿಂಗಳು ಅಭ್ಯಾಸವಾದರೆ ಮುಂದೆ ಕನ್ನಡದ ಊರುಗೋಲು ತಾನಾಗಿ ಕೈಬಿಡುವುದು, ಬಿಡಲೂಬೇಕು. ಎರಡನೆಯದಕ್ಕೆ ಉತ್ತರ, ಕಿವಿಯು ತನಗೆ ಗೊತ್ತಿರುವುದನ್ನೇ ಕೇಳಿಸಿಕೊಳ್ಳುವುದು. ಯಂತ್ರವು ಸಾವಿರ ಸಲ ‘ಪೆಯ್’ ಎಂದರೂ, ‘ಬೇ’ ಎಂದು ಬರೆದುಕೊಂಡವನಿಗೆ ಅದು ‘ಬೇ’ ಎಂದೇ ಕೇಳುವುದು. ಎಲ್ಲಿ ಕಿವಿಗೊಡಬೇಕೆಂಬುದನ್ನು ತೋರಿಸುವುದು ಅಕ್ಷರದ ಕೆಲಸ.

ಪರಭಾಷೆಯನ್ನು ಶ್ರದ್ಧೆಯಿಂದ ಕಲಿತವನಿಗೆ ಆ ಜನರು ಎಂಥ ಸ್ಥಾನವನ್ನು ಕೊಡುವರೆಂಬುದಕ್ಕೆ ಕನ್ನಡನಾಡಿನ ಗಡಿಗೆ ಅಂಟಿದ ಸೊಲ್ಲಾಪುರದಲ್ಲಿಯೇ ನಿದರ್ಶನವಿದೆ. ಅಲ್ಲಿ ೧೯೧೦ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ೧೯೩೮ರಲ್ಲಿ ಭಾರತದ ವೈದ್ಯತಂಡದೊಡನೆ ಚೀನಾಕ್ಕೆ ಹೋದರು. ಚೀನೀ ಭಾಷೆಯನ್ನು ಕಲಿತು ಆ ಭಾಷೆಯಲ್ಲಿಯೇ ರೋಗಿಗಳನ್ನು ಮಾತನಾಡಿಸಿದರು, ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ೧೯೪೨ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ‘ಖ ತೀ ಹ್ವಾ’ ಎಂಬ ಅವರ ಚೀನೀ ಹೆಸರು ಆ ದೇಶದಲ್ಲಿ ಇಂದಿಗೂ ಗೌರವದ ಹೆಸರು. ಅವರೂ ಎಂದೋ ಒಂದು ದಿನ ಮೊದಲ ಪಾಠದಿಂದಲೇ ತೊಡಗಿದವರು.

ದೇವನಹಳ್ಳಿಯ ಸೀಮೆಯಲ್ಲಿ ಇಂದು ಬೇಕಾಗಿರುವುದು ಅಷ್ಟು ದೊಡ್ಡ ತ್ಯಾಗವಲ್ಲ. ೨೦೨೫ರ ಜುಲೈನಲ್ಲಿ ಫಾಕ್ಸ್‌ಕಾನ್ ಸಂಸ್ಥೆಯು ಭಾರತದ ಕಾರ್ಖಾನೆಗಳಿಂದ ನೂರಾರು ಚೀನೀ ಯಂತ್ರಜ್ಞರನ್ನು ಹಿಂದಕ್ಕೆ ಕರೆಸಿಕೊಂಡಿತೆಂದು ಪತ್ರಿಕೆಗಳು ವರದಿಮಾಡಿದುವು. ಅಂಥ ಹೊತ್ತಿನಲ್ಲಿ ಕೆಲಸದ ಗುಟ್ಟನ್ನು ಯಾರಿಂದ, ಯಾವ ಭಾಷೆಯಲ್ಲಿ ಕಲಿತೆವೆಂಬುದು ಹಳ್ಳಿಯ ಹುಡುಗಿಗೂ ಮುಖ್ಯವಾಗುವುದು. ದುಭಾಷಿಯ ಬಾಯಿಯನ್ನೇ ನೋಡುತ್ತ ನಿಲ್ಲುವವಳಿಗೂ, ಎದುರಿನವರ ಹೆಸರನ್ನು ಸರಿಯಾಗಿ ಹಿಡಿದು ನಾಲ್ಕು ಮಾತನ್ನು ತಾನೇ ಆಡಬಲ್ಲವಳಿಗೂ ಅಂತರ ಬಹಳ. ಆ ನಾಲ್ಕು ಮಾತಿಗೆ ಇಂಗ್ಲಿಷಿನ ರಹದಾರಿ ಬೇಕೆಂದರೆ ಇಂಗ್ಲಿಷ್ ಬಾರದವಳಿಗೆ ಬಾಗಿಲೇ ಮುಚ್ಚಿದಂತಾಯಿತು. ಕನ್ನಡವನ್ನು ಓದಬಲ್ಲವಳಿಗೆ ಅದನ್ನು ತೆರೆಯುವ ಶಕ್ತಿ ಕನ್ನಡದ ಅಕ್ಷರಮಾಲೆಗಿದೆ. ಶ, ಷಗಳನ್ನು ಅವುಗಳ ಸ್ಥಳದಲ್ಲಿಟ್ಟು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಾದು, ಸ್ವರಕ್ಕೆ ಅಂಕಿಗಳನ್ನು ಕೊಟ್ಟು ಮೂವತ್ತು ಪುಟಗಳ ಕೈಪಿಡಿಯೊಂದನ್ನು ಚೀನೀ ಬಲ್ಲ ಕನ್ನಡಿಗರ ನೆರವಿನಿಂದ ಸಿದ್ಧಪಡಿಸುವುದು ತಾಲ್ಲೂಕಿನ ಸಾಹಿತ್ಯ ಸಂಘಗಳಿಗೆ ಮೀರಿದ ಕೆಲಸವಲ್ಲ. ಅದರ ಕೊನೆಯ ಪುಟಗಳಲ್ಲಿ, ಹೊರಗಿನಿಂದ ಬಂದವರಿಗಾಗಿ ‘ನಮಸ್ಕಾರ’, ‘ಊಟ ಆಯ್ತಾ?’, ‘ಹೋಗಿ ಬನ್ನಿ’ ಎಂಬ ಕನ್ನಡದ ಮಾತುಗಳನ್ನು ಪಿನ್‌ಯಿನ್ನಿನ ಬೆಲೆಯಲ್ಲಿ ಅಚ್ಚುಮಾಡಿಸುವುದೂ ಯುಕ್ತವಾಗಿರುವುದು.